ಬೋಳು ಬೆರಳಿನ ಬಿಳಿ ಗೆರೆ

“ಇದೇ ಪಲ್ಲಂಗದ ಮ್ಯಾಲ ಮಾಲಿಪಾಟೀಲರು ಜೀವಾ ಬಿಟ್ಟರು, ಬೇಗಂಸಾಹೇಬಾ. ಖುದಾ ಕಸಂ, ಆವತ್ತಿನಿಂದ ಇದರ ಒಂದು ಮೊಳೀನೂ ನಾವು ಸರಿಸಿಲ್ಲ.”

ಇಷ್ಟು ಹೇಳಿ ಶೌಕತ ಅಲಿ, ಸತ್ತವರಿಗೆ ಸಲ್ಲಬೇಕಾದ ಸಲಾಮನ್ನು ಮಂಚಕ್ಕೆ ಸಲ್ಲಿಸಿದ.

ಶಿವಕಾಂತಮ್ಮ ಸೆರಗಿನ ಮರೆಯಲ್ಲಿ ತುಟಿ ಕಚ್ಚಿಕೊಂಡಳು. ಅವಳ ಅಪ್ಪ ಮಾಲಿಪಾಟೀಲರು ಜೀವ ಬಿಟ್ಟದ್ದು ಮುಲ್ಲಾಮಾರಿ ಹೊಳೆಯ ಆಚೆ, ಜೋಳದ ಹೊಲದ ಬದುವಿನ ಮೇಲೆ. ಈ ಮಂಚದ ಮೇಲೆ ಯಾರೂ ಸತ್ತಿರಲಿಲ್ಲ. ಹುಟ್ಟಿದ್ದರು. ಮೊದಲು ಅವಳು, ಅವಳ ಹಾಲುಹಲ್ಲು ಬೀಳುವ ಹೊತ್ತಿಗೆ ಅವಳ ತಮ್ಮ ಕಲ್ಯಾಣಪ್ಪ.

ತಾನು ಹುಟ್ಟಿದ ಮಂಚಕ್ಕೆ ಬಾಡಿಗೆ ಕೊಟ್ಟು ಮಲಗುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು!

“ಖಾನಸಾಹೇಬ್ರ, ನಿಮ್ಮ ಹೊಟೇಲಿಗೆ ‘ಆರಾಮಗಾಹ’ ಅಂತ ಹೆಸರಿಟ್ಟೀರಿ,” ಎಂದ ಅವಳ ಮೈದುನ ಬಸವಂತರಾಯ, ಟೋಪಿಯನ್ನು ಬೆರಳ ತುದಿಯಲ್ಲಿ ತಿರುಗಿಸುತ್ತ. “ಗೋರಿಗೂ ಹಂಗೇ ಅಂತಾರಲ್ಲ?”

“ತೋಬಾ, ತೋಬಾ! ವಕೀಲಸಾಹೇಬ್ರ, ನಮ್ಮಲ್ಲಿ ಮಲಗಿದವರು ಮುಂಜಾನಿ ಏಳತಾರ್ರಿ. ಫರಕ ಅಷ್ಟೇ.”

ಮೋಟಾರು ಕೊಂಡವರಿಗೆ ಹೋಗಲು ಒಂದು ಊರು ಬೇಕು. ಊರಿಗೆ ಹೋದವರಿಗೆ ಮಲಗಲು ಮಂಚ ಬೇಕು. ಹೈದರಾಬಾದಿನ ದೊಡ್ಡ ಮಂದಿಗೆ ಮಂಚದ ಜೊತೆ ಒಂದು ಕಥೆಯೂ ಬೇಕು. ಮೂರನ್ನೂ ಒದಗಿಸುವವನು ಶೌಕತ ಅಲಿ. ಸೀಮೆಯ ಹಳೆಯ ವಾಡೆಗಳನ್ನೆಲ್ಲ ಹಿಡಿದು, ಸುಣ್ಣ ಬಳಿದು, ಸುಳ್ಳು ಬಳಿದು, ಎಲ್ಲಕ್ಕೂ ಆರಾಮಗಾಹ ಎಂದೇ ಹೆಸರಿಟ್ಟು ಹೊಟೇಲು ಮಾಡಿದ್ದ. ಶಿವಕಾಂತಮ್ಮನ ತೌರಿನ, ನೆಲದೊಳಗಿನ ಜೋಳದ ಹಗೇವಿಗೆ ಈಗ ಗಾಜಿನ ಮುಚ್ಚಳ ಬಂದಿತ್ತು; ಅದು ‘ರಾಣಿಯ ಗುಪ್ತ ಸುರಂಗ’ವಂತೆ. ದೇವರ ಜಗಲಿಯ ಮೇಲೆ ಗ್ರಾಮಾಫೋನು ಕೂತಿತ್ತು. ಅವ್ವ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದ ಕಲ್ಲಿನ ದೋಣಿಯಲ್ಲಿ ಗುಲಾಬಿ ಗಿಡ ನೆಟ್ಟಿದ್ದರು. ಗಿಡ ಚೆನ್ನಾಗಿಯೇ ಬಂದಿತ್ತು. ಅದೇ ಅವಳಿಗೆ ಸಹಿಸಲಾಗಲಿಲ್ಲ.

ಎರಡು ವರ್ಷದ ಕೆಳಗೆ ವಾಡಿ ಊರಿನಲ್ಲಿ ಕಾಲರಾ ಬಡಿದು ಸತ್ತನೆಂದು ಸುದ್ದಿ ಬಂದಿದ್ದ ಕಲ್ಯಾಣಪ್ಪ, ಮೊನ್ನೆ ಮೊನ್ನೆ ಶಹಾಬಾದಿನ ಆರಾಮಗಾಹದ ಅಂಗಳ ದಾಟಿ ಹೋದದ್ದನ್ನು ಕಂಡೆನೆಂದು ಬಳೆಗಾರ ಮಜೀದಸಾಬ ಆಣೆ ಇಟ್ಟು ಹೇಳಿದಾಗಿನಿಂದ ಶುರುವಾದದ್ದು ಈ ಮೋಟಾರು ಯಾತ್ರೆ.

ಹೆಸರಿಗೆ ಹವಾ ಬದಲಾವಣೆ. ಶಹಾಬಾದಿನಲ್ಲಿ ಫರ್ಶಿ ಕಲ್ಲಿನ ವ್ಯಾಪಾರಿಯ ಹಳೆಯ ಹವೇಲಿ: ನೆಲ ಕಲ್ಲು, ಗೋಡೆ ಕಲ್ಲು, ಮಾಡು ಕಲ್ಲು, ದಿಂಬೂ ಕಲ್ಲೇ ಎಂದು ಬಸವಂತರಾಯನ ಅನುಮಾನ. ಚಿತ್ತಾಪುರದಲ್ಲಿ ಹಳೇ ಕಚೇರಿ. ಅಲ್ಲಿ ಹಿಂದೆ ಕೈದಿಗಳ ಹವಾಲಾತು ಆಗಿದ್ದ ಕೋಣೆಯೇ ಸಿಕ್ಕಾಗ ಬಸವಂತರಾಯ, “ಸೋತ ಕಕ್ಷಿದಾರರ ಶಾಪ ಇವತ್ತು ತಗಲತು” ಎಂದಿದ್ದ. ಸೇಡಮಿನ ಹತ್ತಿರ ಕಾಗಿಣಾ ಹೊಳೆಯ ದಂಡೆಯಲ್ಲಿ ಹಳೆಯ ಮುಸಾಫಿರಖಾನೆ. ಎಲ್ಲ ಕಡೆಯೂ ಆಳುಮಕ್ಕಳು ಒಂದೇ ಮಾತು ಹೇಳಿದ್ದರು. ಹುಬ್ಬಿನ ಮೇಲೆ ಗಾಯದ ಕಲೆ ಇದ್ದ ಒಬ್ಬ ಮುಸಾಫಿರ ಬಂದಿದ್ದ. ಬಂದು ಹೋದ. ನಾಲ್ಕನೆಯ ಊರು ಇದು, ಅವಳ ತೌರು.

ಆ ಕಲೆ ಮಾಡಿದವಳು ಶಿವಕಾಂತಮ್ಮನೇ. ಉಯ್ಯಾಲೆ ಜೋರಾಗಿ ತೂಗಿ ತಮ್ಮನನ್ನು ಬೀಳಿಸಿದ್ದಳು. ಆ ಉಯ್ಯಾಲೆಯ ಕಬ್ಬಿಣದ ಕೊಂಡಿ ಈ ಕೋಣೆಯ ತೊಲೆಯಲ್ಲಿ ಇನ್ನೂ ಇತ್ತು. ಶೌಕತ ಅಲಿ ಅದರಿಂದ ಒಂದು ಝುಂಬರ ದೀಪ ಇಳಿಬಿಟ್ಟಿದ್ದ.

---

ಊಟಕ್ಕೆ ಪಡಸಾಲೆಯಲ್ಲಿ ಮಣೆ ಹಾಕಿದ್ದರು. ಶೌಕತ ಅಲಿ ಬೇರೆ ಮುಸಾಫಿರರಿಗೆ ಬೇರೆ ಸುಳ್ಳು ಹೇಳಲು ಹೋದ. ಕೈಗೆ ನೀರು ಹಾಕಲು ಅಡುಗೆಯವಳು ಚರಗಿ ಹಿಡಿದು ಬಂದಳು. ಬಂದವಳು ಬಾಗಿಲಲ್ಲೇ ನಿಂತಳು.

ಹಣೆಯ ಮೇಲೆ ವಿಭೂತಿ ಮಾತ್ರ. ಕೈ ಬೋಳು. ಆದರೂ ಆ ಕಣ್ಣು ಶಿವಕಾಂತಮ್ಮನಿಗೆ ಗುರುತು ಸಿಗದೆ ಇರಲಿಲ್ಲ.

“ಶರಣಬಸಮ್ಮಾ!”

“ಅಕ್ಕಾರ…”

ಕಲ್ಯಾಣಪ್ಪನ ಹೆಂಡತಿ ಚರಗಿ ಕೆಳಗಿಟ್ಟು ನಾದಿನಿಯ ಕಾಲು ಮುಟ್ಟಿದಳು. ಬಾಗಿದವಳು ಬಹಳ ಹೊತ್ತು ಏಳಲಿಲ್ಲ.

“ನೀ ತೌರಮನ್ಯಾಗ ಇದ್ದೀ ಅಂದಿದ್ದರಲ್ಲ?”

“ತೌರಮನಿ ಎಷ್ಟ ದಿನ ಇಟಗೋತಾದ್ರಿ? ಸಾಹೇಬ್ರಿಗೆ ರೊಟ್ಟಿ ಬಡಿಯಾಕಿ ಬೇಕಾಗಿದ್ದಳು. ಸೊಸಿ ಆಗಿ ಉರಿಸಿದ ಒಲೀನೇ ಈಗ ಅಡಗಿಯಾಕಿ ಆಗಿ ಉರಸಾಕತ್ತೀನಿ.”

ಬಸವಂತರಾಯ ನಗೆಯನ್ನು ಮಡಿಚಿ ಒಳಗಿಟ್ಟ. ಅವನ ವಕೀಲಿ ದನಿ ಹೊರಗೆ ಬಂತು.

“ತಂಗಿ, ಕಲ್ಯಾಣಪ್ಪ ಶಹಾಬಾದಿನಾಗ ಕಂಡಾನಂತ ಒಬ್ಬರು ಹೇಳ್ಯಾರ.”

“ಕಂಡವರ ಕಣ್ಣಿಗೆ ಪೊರಿ ಬಂದಿರಬೇಕ್ರಿ.” ಶರಣಬಸಮ್ಮ ತಟ್ಟೆಗೆ ರೊಟ್ಟಿ ಹಾಕಿದಳು, ಪುಂಡಿಪಲ್ಯ ಹಾಕಿದಳು. “ವಾಡ್ಯಾಗ ನನ್ನ ಕಣ್ಣ ಮುಂದನೇ ಹೋದರು. ಕೈಯಾಗ ಲಿಂಗ ಇಟ್ಟು ಕುಂದರಿಸಿದರು. ನಾನೇ ಮಣ್ಣು ಹಾಕೀನಿ. ಅಕ್ಕಾರ, ಸುಳ್ಳು ಆಸೆ ಹಚಗೊಂಡು ಊರೂರು ತಿರಗಬ್ಯಾಡ್ರಿ.”

ಮಾತು ಉರು ಹೊಡೆದಂತೆ ಸಲೀಸಾಗಿ ಬಂತು. ಬಸವಂತರಾಯ ಅವಳ ಮುಖವನ್ನೇ ನೋಡುತ್ತಿದ್ದ. ಪತ್ತೇದಾರರು ಮುಖ ನೋಡುತ್ತಾರೆ.

ಶಿವಕಾಂತಮ್ಮನಿಗೆ ಮುಖ ನೋಡುವ ಧೈರ್ಯವಿರಲಿಲ್ಲ. ಅವಳು ನೆಲ ನೋಡಿದಳು. ನೆಲದ ಮೇಲೆ, ತುದಿಗಾಲಲ್ಲಿ ಕೂತು ಶೇಂಗಾ ಹಿಂಡಿ ಬಡಿಸುತ್ತಿದ್ದವಳ ಪಾದಗಳಿದ್ದವು.

ಅಂಗುಷ್ಠದ ಪಕ್ಕದ ಬೆರಳು ಎರಡೂ ಕಾಲಲ್ಲಿ ಬೋಳು. ಆದರೆ ಬುಡದಲ್ಲಿ, ಬಿಸಿಲಿಗೆ ಕಂದಿದ ಚರ್ಮದ ನಡುವೆ, ದಾರ ಸುತ್ತಿದಂತೆ ಒಂದೊಂದು ಬಿಳಿ ಗೆರೆ.

ಅವಳು ಮುರಿದ ತುತ್ತನ್ನು ತಟ್ಟೆಯಲ್ಲೇ ಇಟ್ಟಳು.

---

ಅಂಗಳದಲ್ಲಿ ಡ್ರೈವರ್ ಮಶಾಕ ಮೋಟಾರಿನ ಮೈ ತೊಳೆಯುತ್ತಿದ್ದ. ಬಸವಂತರಾಯ ಫುಟ್‌ಬೋರ್ಡಿನ ಮೇಲೆ ಹತ್ತಿ ನಿಂತು, ಹೊಟ್ಟೆ ಮುಂದೆ ಮಾಡಿ, ಶೌಕತ ಅಲಿಯ ದನಿ ತೆಗೆದ:

“ಇದೇ ಮೋಟಾರಿನಾಗ, ಬೇಗಂಸಾಹೇಬಾ, ಮಶಾಕ ಪಹಿಲವಾನರು ಜೀವಾ ಬಿಟ್ಟರು. ಖುದಾ ಕಸಂ, ಆವತ್ತಿನಿಂದ ಇದರ ಟಾಯರಿಗೆ ನಾವು ಹವಾ ಹಾಕಿಲ್ಲ!”

“ಜೀವ ಬಿಡೂದು ನಾ ಅಲ್ರಿ ಸಾಹೇಬ್ರ, ಈ ಟಾಯರ,” ಎಂದ ಮಶಾಕ ಬಟ್ಟೆ ಹಿಂಡುತ್ತ. “ಸೇಡಂ ರಸ್ತಾದಾಗ ಎರಡ ಸಲ ಬಿಟ್ಟಾದ. ಚಿಂಚೋಳಿ ಘಾಟಿನಾಗ ಇನ್ನೊಂದ ಸಲ ಬಿಟ್ಟರ ನಾ ನೌಕ್ರಿ ಬಿಡತೀನಿ.”

ಅವನು ನೀರು ತರಲು ಬಾವಿಯ ಕಡೆ ಹೋಗುವ ತನಕ ಶಿವಕಾಂತಮ್ಮ ಕಾದಳು.

“ಬಸವಂತ, ಆಕಿ ಕಾಲು ನೋಡಿದಿ?”

“ಕಾಲೇನು ನೋಡತೀರಿ ವೈನಿ, ಬಾಯಿ ನೋಡ್ರಿ. ಸುಳ್ಳು ಹೇಳಾಕತ್ತಾಳ. ಆದರ ಹಿಡಿಯಾಕ ಹಿಡಿಕಿನೇ ಇಲ್ಲ.”

“ಹಿಡಿಕಿ ಕಾಲಾಗ ಅದ. ಆಕಿ ಕಾಲುಂಗರ ತಗದು ಎರಡ ವರ್ಷ ಆಗಿಲ್ಲ. ಎರಡ ದಿನಾನೂ ಆಗಿಲ್ಲ. ನಮ್ಮ ಮೋಟಾರ ಬಂದದ್ದು ನೋಡಿ ತಗದಾಳ.”

“ಅದ್ಹೆಂಗ ಹೇಳತೀರಿ?”

ಅವಳು ಸೀರೆಯ ಅಂಚನ್ನು ಬೆರಳಷ್ಟು ಸರಿಸಿ ತನ್ನ ಪಾದ ತೋರಿಸಿದಳು. ಗಂಡ ತೀರಿಕೊಂಡ ದಿನ ಅತ್ತೆ ಕಾಲುಂಗುರ ಬಿಚ್ಚಿದ್ದಳು. ಬೆರಳಲ್ಲಿ ಉಳಿದ ಬಿಳಿ ಗೆರೆಯನ್ನು ಶಿವಕಾಂತಮ್ಮ ದಿನಾ ನೋಡುತ್ತಿದ್ದಳು. ಅದೊಂದನ್ನು ಮಾತ್ರ ಯಾರೂ ಬಿಚ್ಚಿಕೊಂಡು ಹೋಗುವಂತಿರಲಿಲ್ಲ. ಆದರೆ ಬಿಸಿಲು ಬಿಚ್ಚಿಕೊಂಡು ಹೋಯಿತು. ಮುಂದಿನ ಮಳೆಗಾಲ ಬರುವುದರೊಳಗೆ ಗೆರೆ ಮಾಸಿತ್ತು. ಪೂರ್ತಿ ಮಾಸಿದ ದಿನ ಅವಳು ಕದ ಹಾಕಿಕೊಂಡು ಅತ್ತಿದ್ದಳು. ಇದನ್ನೆಲ್ಲ ಮೈದುನನಿಗೆ ಹೇಳುವಂತಿರಲಿಲ್ಲ.

ಹೇಳದಿದ್ದರೂ ಬಸವಂತರಾಯ ತಿಳಿದುಕೊಂಡ. ತಮಾಷೆ ಮಾಡಲಿಲ್ಲ.

“ಗಂಡ ಸತ್ತಾಕಿ ಕಾಲುಂಗರ ಹಾಕ್ಕೊಳ್ಳೂದಿಲ್ಲ,” ಎಂದ ಮೆಲ್ಲಗೆ. “ಹಾಕ್ಕೊಂಡಾಳ ಅಂದರ…”

“ಗಂಡ ಸತ್ತಿಲ್ಲ.”

ಬಾಯಿಬಿಟ್ಟು ಹೇಳಿದ ಮೇಲೆ ಅವಳು ಫುಟ್‌ಬೋರ್ಡಿನ ಮೇಲೆ ಕೂತಳು. ಎದುರಿಗೆ ಇಡೀ ವಾಡೆ ಸಂಜೆಯ ಬಿಸಿಲಿಗೆ ಕೆಂಪಗಾಗಿತ್ತು. ಆ ಮಾಳಿಗೆ ಮೇಲೆ ನಿಂತು ಕಲ್ಯಾಣಪ್ಪ ಗಾಳಿಪಟ ಬಿಡುತ್ತಿದ್ದ. ದಾರ ಹರಿದಾಗೆಲ್ಲ, ಗಾಳಿಯೇ ಅವಳ ತಪ್ಪು ಎಂಬಂತೆ ಕೂಗುತ್ತಿದ್ದ.

“ಬಸವಂತ, ನೀ ಎಲ್ಲಾರ ದನಿ ತಗೀತಿ. ನನ್ನ ತಮ್ಮಂದು ಬರತಾದೇನು?”

ಅವನು ತಲೆ ತಗ್ಗಿಸಿದ. “ಬರತಾದ. ಆದರ ಬ್ಯಾಡ್ರಿ ವೈನಿ.”

“ಒಂದ ಸಲ. ‘ಅಕ್ಕಾ’ ಅಂತ ಅಷ್ಟ.”

ಬಸವಂತರಾಯ ಗಂಟಲು ಸರಿಮಾಡಿಕೊಂಡ. ಆಮೇಲೆ ಕಲ್ಯಾಣಪ್ಪ ಕರೆಯುತ್ತಿದ್ದಂತೆಯೇ, ಹಸಿದವನಂತೆ, ‘ಕ್ಕಾ’ವನ್ನು ಎಳೆದು ಕರೆದ.

ಬಾವಿಯ ಕಡೆ ಗಡಗಡಿ ಕಿರುಗುಟ್ಟಿತು.

“ಸಾಕು,” ಎಂದಳು ಶಿವಕಾಂತಮ್ಮ, ಮುಖ ಆ ಕಡೆ ಮಾಡಿ. “ಇನ್ನೊಮ್ಮೆ ನಾ ಕೇಳಿದರೂ ಅನಬ್ಯಾಡ.”

ಅವಳು ಎದ್ದಳು. ಅವನೂ ಹಿಂದೆ ಹೊರಟ.

“ನೀ ಬರಬ್ಯಾಡ. ನೀ ಬಂದರ ಅಡಗಿಮನಿ ಕಚೇರಿ ಆಗತಾದ.”

“ಆಗಲಿ. ಆದರ ಆಕಿ ಏನಂದರೂ ಮೊದಲ ನನಗ ಬಂದು ಹೇಳ್ರಿ. ಇದ್ದ ಊರು ಗೊತ್ತಾದರ ಈಗಿಂದೀಗ ಗಾಡಿ ಹೊಡಸೋಣು.”

---

ಅಡುಗೆಮನೆ ಒಂದೇ ಬದಲಾಗಿರಲಿಲ್ಲ. ಹೈದರಾಬಾದಿನ ಮಂದಿ ಒಲೆ ನೋಡಲು ಬರುವುದಿಲ್ಲವಲ್ಲ. ಅದೇ ಹೊಗೆ, ಅದೇ ಗೂಡು, ಅದೇ ಕರಿ ಗೋಡೆ. ಶರಣಬಸಮ್ಮ ರೊಟ್ಟಿ ಬಡಿಯುತ್ತಿದ್ದಳು.

“ಬರ್ರಿ ಅಕ್ಕಾರ, ಕುಂದ್ರಿ.”

“ಕಾಲುಂಗರ ಎಲ್ಲಿಟ್ಟಿ?”

ಬಡಿಯುವ ಕೈ ನಿಂತಿತು.

“ಹಿಟ್ಟಿನ ಡಬ್ಬ್ಯಾಗೋ, ಗೂಡಿನಾಗೋ? ನಾ ಗಂಡನ್ನ ಕಳಕೊಂಡಾಕಿ, ಶರಣಬಸಮ್ಮ. ಆ ಗೆರಿ ಎಷ್ಟು ದಿನ ಉಳೀತಾದಂತ ನನಗ ಹೇಳಬ್ಯಾಡ. ಎಲ್ಲದಾನ ನನ್ನ ತಮ್ಮ?”

ಶರಣಬಸಮ್ಮ ಹಿಟ್ಟಿನ ಕೈಯಲ್ಲೇ ಸೊಂಟದ ಸಂಚಿ ಬಿಚ್ಚಿದಳು. ಬೆಳ್ಳಿಯ ಎರಡು ಕಾಲುಂಗುರ ತೆಗೆದು ಹಿಟ್ಟು ನಾದುವ ಪರಾತದ ಅಂಚಿನ ಮೇಲೆ ಇಟ್ಟಳು.

ಶಿವಕಾಂತಮ್ಮ ಆಸೆಯಿಂದ ಬಾಗಿದಳು. ಬಾಗಿದವಳು ಅಲ್ಲೇ ನಿಂತಳು. ಮಾಲಿಪಾಟೀಲರ ಮನೆಯ ಸೊಸೆಯರಿಗೆ ಹಾಕುವುದು ಮೀನಿನ ಕಾಲುಂಗುರ. ಇವು ಬರೀ ಸುತ್ತು.

“ಇವು ನಮ್ಮ ಮನಿಯವು ಅಲ್ಲ.”

“ಅಲ್ರಿ.” ಶರಣಬಸಮ್ಮನ ದನಿ ಒಲೆಯೊಳಗೆ ಬಿದ್ದಂತೆ ಕೇಳಿತು. “ಸೂಗಪ್ಪ ಅಂತ… ಇಲ್ಲೇ ತ್ವಾಟ ನೋಡಕೋತಾರ. ನಾ ಉಡಿಕಿ ಆಗೀನ್ರಿ ಅಕ್ಕಾರ. ನಿಮ್ಮ ಮುಂದ ಈ ಕಾಲು ಇಟಗೊಂಡು ಹ್ಯಾಂಗ ಅಡ್ಡಾಡಲಿ ಅಂತ ತಗದಿಟ್ಟಿದ್ದೆ.”

ಅಂಗಳದಲ್ಲಿ ಹುಟ್ಟಿದ ಆಸೆ ಅಡುಗೆಮನೆಯಲ್ಲಿ ಸತ್ತಿತು. ಎಷ್ಟು ಸಲೀಸು! ಕಾಲುಂಗುರ ಇದ್ದರೆ ಗಂಡ ಇದ್ದಾನೆ ಎನ್ನುವುದು ಮಾಲಿಪಾಟೀಲರ ಮನೆಯ ಲೆಕ್ಕ. ಆ ಮನೆತನದಲ್ಲಿ ಉಡಿಕಿ ಇಲ್ಲ. ಗಂಡ ಹೋದವಳು ಬೋಳು ಬೆರಳಿನಲ್ಲೇ ಮುಪ್ಪಾಗಬೇಕು. ಶರಣಬಸಮ್ಮನ ತೌರಿನ ಕಡೆ, ತೆಲುಗು ಗಡಿಯ ಹಳ್ಳಿಗಳಲ್ಲಿ, ಗಂಡನನ್ನು ಕಳೆದುಕೊಂಡವಳಿಗೆ ಇನ್ನೊಬ್ಬ ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುತ್ತಾನೆ. ಇದು ಶಿವಕಾಂತಮ್ಮನಿಗೆ ಗೊತ್ತಿಲ್ಲದ್ದಲ್ಲ. ನೆನಪಿಗೆ ಬರಗೊಟ್ಟಿರಲಿಲ್ಲ, ಅಷ್ಟೆ.

ಅವಳಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಹೊಟ್ಟೆಕಿಚ್ಚು. ಈ ಹುಡುಗಿಯ ಬೆರಳಲ್ಲಿ ಹೊಸ ಗೆರೆ.

“ಚಲೋ ಆತು,” ಎಂದಳು. ಯಾಕೆ ಎಂದಳೋ ಅವಳಿಗೇ ತಿಳಿಯಲಿಲ್ಲ. “ಹಾಕ್ಕೋ. ನನ್ನ ಸಲುವಾಗಿ ತಗೀಬ್ಯಾಡ.”

ಬಾಗಿಲ ತನಕ ಹೋದಳು. ಹೊಸ್ತಿಲ ಮೇಲೆ ಕಾಲಿಟ್ಟವಳು ತಿರುಗಿದಳು.

“ಶರಣಬಸಮ್ಮ, ಉಡಿಕಿ ಆಗೂಕಿಂತ ಮೊದಲ ಹಿಂದಿನ ಮನಿ ಬಂಗಾರ ಆ ಮನಿಯವರ ಕೈಯಾಗ ಇಡಬೇಕಲ್ಲ?”

ಶರಣಬಸಮ್ಮ ಹಂಚಿಗೆ ರೊಟ್ಟಿ ಹಾಕಿದಳು.

“ಇಡಲಾರದ ನಿಮ್ಮ ಹಿರೇರು ಸೀರಿ ಉಡಸಾಕ ಬಿಡತಾರೇನು?”

“…ಬಿಡೂದಿಲ್ರಿ.”

“ನಮ್ಮ ಅವ್ವನ ಕಿವಿ ಬುಗುಡಿ, ಗುಂಡಿನ ಸರ ನಿನ್ನ ಮೈಮ್ಯಾಗಿದ್ದವು. ಏನು ಮಾಡಿದಿ?”

“ಕೊಟ್ಟೇನ್ರಿ.”

“ಯಾರಿಗೆ? ಆ ಮನಿತನದಾಗ ಉಳದಾಕಿ ನಾ ಒಬ್ಬಾಕಿ. ನನ್ನ ಕೈಗೆ ಬಂದಿಲ್ಲ.”

ಹಂಚಿನ ಮೇಲಿನ ರೊಟ್ಟಿ ಕರಕಾಗತೊಡಗಿತು. ಶರಣಬಸಮ್ಮ ಅದನ್ನು ತೆಗೆಯಲಿಲ್ಲ. ಹಿಟ್ಟು ಮೆತ್ತಿದ ಎರ‍ಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

“ಇಸಗೊಂಡವರು ಬುಗುಡಿ ಹಿಡಕೊಂಡು ಅತ್ತರ್ರಿ, ಅಕ್ಕಾರ. ‘ಅವ್ವ ಬಗ್ಗಿ ಮುತ್ತು ಕೊಡೂ ಮುಂದ ಇವು ನನ್ನ ಗಲ್ಲಕ್ಕ ಚುಚ್ಚತಿದ್ದವು’ ಅಂದರು.”

ಶಿವಕಾಂತಮ್ಮನ ಕೈ ತಾನಾಗಿಯೇ ತನ್ನ ಕೆನ್ನೆಗೆ ಹೋಯಿತು.

ಆ ಚುಚ್ಚು ಬಲ್ಲವರು ಈ ಲೋಕದಲ್ಲಿ ಇಬ್ಬರೇ, ಅವಳು ಮತ್ತು ಕಲ್ಯಾಣಪ್ಪ.

“ಎಲ್ಲಿ?” ಅವಳ ದನಿ ಪಿಸುಗುಟ್ಟಿತು. “ಎಲ್ಲಿ ಇಸಗೊಂಡ?”

“ಸನ್ನತಿಯಾಗ. ಚಂದ್ರಲಾಂಬಾ ಗುಡಿ ಹಿಂದ, ಭೀಮಿ ದಂಡಿ ಮ್ಯಾಲ. ಅಲ್ಲೇ ಒಂದು ಮನ್ಯಾಗ ಇರತಾರ. ನಾ ಒಲ್ಲೆ ಅಂದೆ, ಕಾಲು ಹಿಡದೆ. ‘ನಾ ಬದುಕೀನಿ ಅಂತ ಗೊತ್ತಾದರ ನಿನ್ನೂ ಉಳಸೂದಿಲ್ಲ. ಸತ್ತಾಂವನ ಹಾದಿ ನೋಡಬ್ಯಾಡ, ಸೂಗಪ್ಪ ಚಲೋ ಮನಷಾ’ ಅಂತ ಅವರೇ ನನ್ನ ಒಪ್ಪಿಸಿ ಕಳಿಸಿದರು.” ಅವಳು ಕೈ ತೆಗೆದಳು. ಮುಖದ ತುಂಬ ಹಿಟ್ಟು, ಹಿಟ್ಟಿನ ನಡುವೆ ಎರಡು ಒದ್ದೆ ದಾರಿ. “ಮಂದಿ ಬಾಯಿಗೆ ಹೆದರಿ ಹಾಕ್ಕೊಂಡೀನಿ ಅಕ್ಕಾರ ಇವನ್ನ. ನಸುಕಿನಾಗ ಎದ್ದು ಹೆಸರು ನೆನೆಯೂದು ಇನ್ನೂ ಅವರದ.”

“ಯಾರಿಗೆ ಹೆದರತಾನ?”

“ವಾಡ್ಯಾಗ ಆದದ್ದು ಕಾಲರಾ ಅಲ್ರಿ. ಶರಬತ್ತಿನಾಗ ಏನೋ ಹಾಕಿ ಕೊಟ್ಟಿದ್ದರು. ಉಳದದ್ದು ದೇವರ ದಯಾ. ಕೊಟ್ಟಾಂವ ಯಾರಂತ ಎಷ್ಟು ಕೇಳಿದರೂ ಹೆಸರು ಹೇಳಲಿಲ್ಲ. ‘ಅಕ್ಕನ ಮನಿಯಾಂವ’ ಅಂದರು. ‘ಅಕ್ಕಗ ಹೇಳಬ್ಯಾಡ, ಆಕಿ ಅವನ ಜೋಡಿ ಒಂದ ಮಾಡಿನ ಕೆಳಗ ಇರಬೇಕು’ ಅಂದರು.”

ರಾಯಚೂರಿನ ಅತ್ತೆಮನೆಯಲ್ಲಿ ಅವಳ ಗಂಡ ಹೋದ ಮೇಲೆ ಉಳಿದ ಗಂಡಸು ಮೈದುನ ಒಬ್ಬನೇ. ತೌರಿನ ಆಸ್ತಿಯ ಕಾಗದಪತ್ರವೆಲ್ಲ ಇದ್ದದ್ದೂ ಆ ವಕೀಲನ ಕೈಯಲ್ಲೇ.

ಶಿವಕಾಂತಮ್ಮನಿಗೆ ಒಲೆಯ ಮುಂದೆಯೂ ಚಳಿಯಾಯಿತು. ನಾಲ್ಕು ಊರು ಒಂದೇ ಗಾಡಿ, ದಾರಿಯುದ್ದಕ್ಕೂ ನಗಿಸಿದ್ದ. ತಮ್ಮ ಎಲ್ಲಿ, ತಮ್ಮ ಎಲ್ಲಿ ಎಂದು ಅವಳಿಗಿಂತ ಹೆಚ್ಚು ಹುಡುಕಿದ್ದ.

“ವೈನೀ!”

ಬಸವಂತರಾಯ ಬಾಗಿಲಲ್ಲಿ ನಿಂತಿದ್ದ. ಟೋಪಿ ಕೈಯಲ್ಲಿತ್ತು. ಮುಖದ ಮೇಲೆ ಎಂದಿನ ನಗು.

“ರೊಟ್ಟಿ ಸುಟ್ಟ ವಾಸನಿ ಅಂಗಳಕ್ಕ ಬಂತು. ಏನಂದಳು?”

ಶಿವಕಾಂತಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಅಳು ಹೇಗೂ ಬರುತ್ತಿತ್ತು. ಅದಕ್ಕೆ ಬೇರೆ ಅರ್ಥ ಕೊಟ್ಟಳು.

“ಇಕಿ ಸೂಗಪ್ಪನ ಜೋಡಿ ಉಡಿಕಿ ಆಗ್ಯಾಳ. ಕಾಲುಂಗರ ಅವನವು.” ಉಸಿರು ತೆಗೆದುಕೊಂಡಳು. “ಕಲ್ಯಾಣಪ್ಪ ಖರೇ ಸತ್ತಾನ, ಬಸವಂತ.”

ಅವನು ಒಳಗೆ ಬಂದು, ಹಂಚಿನ ಮೇಲಿನ ಕರಕು ರೊಟ್ಟಿಯನ್ನು ಸಟ್ಟುಗದಿಂದ ತೆಗೆದು ಪಕ್ಕಕ್ಕಿಟ್ಟ.

“ಹೋಗಲಿ ಬಿಡ್ರಿ ವೈನಿ. ಮನಸಿಗೆ ಹಚಗೋಬ್ಯಾಡ್ರಿ.” ದನಿಯಲ್ಲಿ ಅಕ್ಕರೆ ತುಂಬಿ ತುಳುಕುತ್ತಿತ್ತು. “ಮಶಾಕಗ ಹೇಳತೀನಿ. ಮುಂಜಾನಿ ಸನ್ನತಿಗೆ ಹೋಗೋಣು. ಚಂದ್ರಲಾಂಬಾಗ ಒಂದು ಕಾಯಿ ಒಡದರ ನಿಮಗೂ ಸಮಾಧಾನ ಆದೀತು.”

ಸನ್ನತಿಯ ಹೆಸರನ್ನು ಅವಳು ಅವನ ಮುಂದೆ ಎತ್ತಿರಲಿಲ್ಲ.